ಇಬ್ಬರು ಚಾಂಪಿಯನ್ನರ ಪಕ್ಕದ ಸೀಟಿನಲ್ಲಿ

ನವೆಂಬರ್ 3, 1998, ಮಂಗಳವಾರ

ಅಂಗಳದ ಹಿಮ ಗೋರಿ ಬಂದೆ. ಮೊಣಕಾಲು ಮತ್ತೆ ಹಟ ಹಿಡಿದಿದೆ. ಕಾಫಿ ಬಿಸಿ ಮಾಡುವಷ್ಟರಲ್ಲಿ ಹೆಲ್ಸಿಂಕಿಯಿಂದ ಟಿವಿಯವರ ಫೋನ್. ರೈಮೋ, ತೌನೋ — ಕಾರ್ ರ‍್ಯಾಲಿಯ ಇಬ್ಬರು ವಿಶ್ವ ಚಾಂಪಿಯನ್ನರನ್ನು ಎದುರುಬದುರು ಕೂರಿಸುತ್ತಾರಂತೆ. ಯಾರು ದೊಡ್ಡವನು, ಯಾರ ಸ್ಟೈಲ್ ಹೇಗೆ... "ಔಲಿಸ್ ಅವರೇ, ಇಬ್ಬರ ಪಕ್ಕದಲ್ಲೂ ಕೂತು ದಾರಿಯ ನೋಟ್ಸ್ ಓದಿದೋರು ನೀವೊಬ್ಬರೇ ಅಲ್ವಾ?" ಎಂದಳು ಹುಡುಗಿ.

ಒಪ್ಪಿಕೊಂಡೆ. ಕೈಸು ಪಾತ್ರೆ ತೊಳೆಯುತ್ತಾ, "ಆ ರೈಮೋ ಮುಖ ನೋಡಿ ಏನಾಗ್ಬೇಕು ನಿನಗೆ?" ಎಂದಳು. ಹೆಂಡತಿ ಕೇಳುವುದರಲ್ಲಿ ತಪ್ಪಿಲ್ಲ.

ಹಾಲು ತರಲು ಹೋದಾಗ ಐಲಿ ಮುದುಕಿ ಎದುರಾದಳು. ನನ್ನನ್ನು ಕಂಡು ರಸ್ತೆ ದಾಟಿ ಆಚೆ ಹೋದಳು. ಎಂದಿನಂತೆ. ಮಗ ಸತ್ತದ್ದು ನನ್ನಿಂದ ಎಂದು ನಂಬಿದ್ದಾಳೆ.

ನವೆಂಬರ್ 5

ಟಿವಿಯಲ್ಲಿ ಏನು ಹೇಳಲಿ? ಯೋಚಿಸುತ್ತಾ ಕೂತೆ.

ರೈಮೋ — ತಿರುವು ಬರುವ ಮೊದಲೇ ಕಾರನ್ನು ಅಡ್ಡ ಎಸೆಯುವವನು. ಜಲ್ಲಿ ಹಾರಬೇಕು, ಜನ ಚೀರಬೇಕು. ನಾಲ್ಕೂ ಚಕ್ರ ಗಾಳಿಯಲ್ಲಿರುವಾಗ ನಗುತ್ತಿದ್ದ. ಸಿಕ್ಕವರ ಹೆಗಲ ಮೇಲೆಲ್ಲ ಕೈ. ಕೈಸುವಿನ ಹುಟ್ಟುಹಬ್ಬ ನನಗೆ ಮರೆತರೂ ಅವನಿಗೆ ಮರೆಯುತ್ತಿರಲಿಲ್ಲ.

ತೌನೋ — ಬೇಗ ಬ್ರೇಕ್, ನೇರ ಗೆರೆ. ನೋಡುವವರಿಗೆ ಆಕಳಿಕೆ, ಗಡಿಯಾರ ನೋಡಿದವರಿಗೆ ಗಾಬರಿ. ಇಡೀ ದಿನ ಪಕ್ಕದಲ್ಲಿದ್ದರೂ "ಹೂಂ" ಬಿಟ್ಟರೆ ಬೇರೆ ಮಾತಿಲ್ಲ.

ಒಬ್ಬ ಬೆಂಕಿ, ಒಬ್ಬ ಮಂಜುಗಡ್ಡೆ ಅಂತೆ. ಹಾಳಾಗಿ ಹೋಗಲಿ. ಎರಡೂ ಸುಡುತ್ತವೆ.

ಅದೇ ದಿನ, ಸಂಜೆ

ಟಿವಿಯಲ್ಲಿ ಹೇಳಲಾಗದ್ದು. ಎಪ್ಪತ್ತೊಂಬತ್ತರ ಆಗಸ್ಟ್. ರೈಮೋನ ಕಾರು. "ದಿಬ್ಬದಾಚೆ ಎಡಕ್ಕೆ, ಬಿಗಿ ತಿರುವು, ನಿಧಾನ!" ಓದಿದೆ. ಮತ್ತೆ ಕೂಗಿ ಓದಿದೆ. ಅವನ ಕಣ್ಣು ದಿಬ್ಬದ ಮೇಲೆ ನೆರೆದ ಜನರ ಮೇಲಿತ್ತು. ಎಲ್ಲರಿಗಿಂತ ಎತ್ತರ ಹಾರಿಸಬೇಕಿತ್ತು. ಹಾರಿಸಿದ. ಫೋಟೊ ತೆಗೆಯಲು ನಿಂತಿದ್ದ ಐಲಿಯ ಮಗ ಇಲ್ಮೋನಿಗೆ ಬಡಿದ ಕಾರು ಆಮೇಲೆ ಮರಕ್ಕೆ ಬಡಿಯಿತು.

ಹಿಂದಿನ ಕಾರಿನಲ್ಲಿ ಬಂದ ತೌನೋ ನನ್ನನ್ನು ಎಳೆದು ಹೊರಗೆ ತೆಗೆದ. ರೈಮೋ ಅವನ ಕೊರಳಿಗೆ ಬಿದ್ದು ಅಳುತ್ತಿದ್ದ — "ಔಲಿಸ್ ಹೇಳ್ದ ಕಣೋ, ನಾನೇ ಕೇಳ್ಲಿಲ್ಲ!"

ಆಸ್ಪತ್ರೆಯಲ್ಲಿ ಪೇಪರ್ ಓದಿದೆ. ಪಕ್ಕದವನು ಒಂದು ಸಾಲು ಬಿಟ್ಟು ಓದಿದ ಎಂದು ರೈಮೋ ಹೇಳಿಕೆ. ಅಲ್ಲ ಎಂದೆ. ಚಾಂಪಿಯನ್ನನ ಎದುರು ನನ್ನ ಮಾತು ಯಾರಿಗೆ ಬೇಕು? ತೌನೋ ತುಟಿ ಬಿಚ್ಚಲಿಲ್ಲ. ಎರಡು ವರ್ಷದ ನಂತರ ತನ್ನ ಕಾರಿಗೆ ಕರೆದ. ಊರು ಅದನ್ನು ಅವನ ದೊಡ್ಡತನ ಎಂದಿತು.

ನವೆಂಬರ್ 14, ಶನಿವಾರ

ಸ್ಟುಡಿಯೋ. ರೈಮೋ ಓಡಿ ಬಂದು ತಬ್ಬಿಕೊಂಡ. ಆ ಅಪಘಾತದ ಮಾತು ತೆಗೆದವನೂ ಅವನೇ. "ಪಾಪ, ನಮ್ಮ ಔಲಿಸ್ ಒಂದು ಸಾಲು ನುಂಗ್ಬಿಟ್ಟ. ಅವನೂ ಮನುಷ್ಯನೇ ಅಲ್ವಾ? ನಾನು ಯಾವತ್ತೋ ಕ್ಷಮಿಸಿದೀನಿ."

ಚಪ್ಪಾಳೆ.

ತೌನೋ ಕಡೆ ತಿರುಗಿದೆ. "ನೀನು ಅಲ್ಲಿದ್ದೆ. ಇವನು ಏನಂದ, ಹೇಳು."

ಕೈಯಲ್ಲಿದ್ದ ಲೋಟ ನೋಡಿದ. "ಹಳೇ ವಿಷಯ."

"ನೋಡಿ, ಇದೇ ತೌನೋ ಸ್ಟೈಲ್!" ಎಂದಳು ನಿರೂಪಕಿ. ಎಲ್ಲರೂ ನಕ್ಕರು. ನಾನೂ ಹಲ್ಲು ಬಿಟ್ಟೆನೋ ಏನೋ... ಕ್ಯಾಮೆರಾ ಇತ್ತಲ್ಲ.

ಡಿಸೆಂಬರ್ 6

ನಮ್ಮ ದೇಶದ ಸ್ವಾತಂತ್ರ್ಯ ದಿನ. ರೂಢಿಯಂತೆ ಕೈಸು ಕಿಟಕಿಯಲ್ಲಿ ಎರಡು ಮೇಣದಬತ್ತಿ ಹಚ್ಚಿದಳು. ಹೇಳದೆ ಕೇಳದೆ ತೌನೋ ಬಂದ. ಹಬೆ ಸ್ನಾನದ ಸೌನಾ ಕಾದಿತ್ತು. ಇಬ್ಬರೂ ಬೆವರುತ್ತಾ ಕೂತೆವು. ಮಾತು ತೆಗೆದವನು ಅವನೇ.

"ಪಕ್ಕದ ಸೀಟು ಕೊಟ್ನಲ್ಲ. ನೀನು ತಪ್ಪು ಓದೋನಾಗಿದ್ರೆ ಕೊಡ್ತಿದ್ನಾ? ಅದೇ ಹೇಳಿದ ಹಾಗೆ ಅಂದ್ಕೊಂಡಿದ್ದೆ."

"ಸೀಟಿಗೆ ಬಾಯಿ ಇರಲ್ಲ ತೌನೋ."

"ಹೂಂ."

"ನನಗೆ ಹೇಳಿ ಏನುಪಯೋಗ? ಐಲಿಗೆ ಹೇಳು."

ಬಿಸಿ ಕಲ್ಲಿನ ಮೇಲೆ ನೀರೆರಚಿದ. ಹಬೆಯಲ್ಲಿ ಮುಖ ಕಾಣಲಿಲ್ಲ.

ಡಿಸೆಂಬರ್ 7

ಹೋದೆವು. ತೌನೋ ಟೋಪಿ ತೆಗೆದು ಐಲಿಯ ಬಾಗಿಲಲ್ಲಿ ನಿಂತ. ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಇವನು ಸರಿಯಾಗೇ ಓದಿದ್ದ ಅಮ್ಮಾ. ರೈಮೋ ನನ್ನೆದುರೇ ಒಪ್ಕೊಂಡ. ನಾನು ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ."

ಐಲಿ ಅಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ರೈಮೋ ಪ್ರತಿ ಕ್ರಿಸ್‌ಮಸ್‌ಗೆ ಹೂ ಕಳಿಸ್ತಾನೆ. ಫೋನ್ ಮಾಡ್ತಾನೆ. ನನ್ನ ಮಗನ ಹೆಸರು ಹಿಡಿದು ಮಾತಾಡೋನು ಈಗ ಅವನೊಬ್ಬನೇ."

ಆಮೇಲೆ ನನ್ನ ಮುಖ ನೇರವಾಗಿ ನೋಡಿದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ.

"ನಿನ್ನ ಮೇಲೆ ಸಿಟ್ಟಿಟ್ಕೊಂಡೇ ಬದುಕ್ದೆ. ಎಂಬತ್ತು ದಾಟಿದೀನಿ. ಇನ್ನೊಬ್ಬನ ಮೇಲೆ ಈಗ ಎಲ್ಲಿಂದ ಶುರು ಮಾಡ್ಲಿ?"

ಬಾಗಿಲು ಮೆಲ್ಲಗೆ ಹಾಕಿಕೊಂಡಳು.

ಡಿಸೆಂಬರ್ 8

ತೌನೋ ಪೇಪರಿನವರಿಗೂ ಹೇಳಿದ್ದಾನಂತೆ. ಫೋನ್ ನಿಂತಿಲ್ಲ. ಕೈಸು ಅಳುತ್ತಾ ನಗುತ್ತಾ ಓಡಾಡುತ್ತಿದ್ದಾಳೆ. ನನಗೂ ಖುಷಿಯಾಗಬೇಕಿತ್ತು. ಗೆದ್ದಿದ್ದೇನೆ ತಾನೆ? ಕ್ರಿಸ್‌ಮಸ್ ಹತ್ತಿರ ಬಂತು. ಈ ಸಲವೂ ಆ ಹೂ ಬಂದರೆ ಐಲಿ ಅದನ್ನು ಒಳಗೆ ತೆಗೆದುಕೊಳ್ಳುತ್ತಾಳೋ ಇಲ್ಲವೋ. ಮಗನ ಹೆಸರು ಹಿಡಿದು ಮಾತಾಡುವ ಆ ಒಬ್ಬನನ್ನೂ ನಾನೇ ಅವಳಿಂದ ಕಿತ್ತುಕೊಂಡೆ.