ಕೊಡದ ಹಕ್ಕಿಯ ಉತ್ತರ

ಪಂಪ್‌ಮನೆ
ಗುರುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಈ ಸೀಮೆಗೆಲ್ಲ ಒಬ್ಬನೇ ಬುದ್ಧಿವಂತನಾದ ನಿನ್ನ ಚಿಕ್ಕಪ್ಪನ ಆಶೀರ್ವಾದ. ಫೋನ್ ಇರುವಾಗ ಕಾಗದವೇಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಾದರೆ ನೀನು ನಡುವೆ ಅಳುತ್ತೀಯ, ನಾನು ನಡುವೆ ನಗಿಸುತ್ತೇನೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಅದಲ್ಲದೆ ಹಳ್ಳಿ ಶಾಲೆಯಲ್ಲಿ ಕಲಿತ ನನ್ನ ಅಕ್ಷರ ನೋಡು, ಮುತ್ತು ಪೋಣಿಸಿದ ಹಾಗಿದೆ. ನಿನ್ನದು ಕೋಳಿ ಕೆದರಿದ ಹಾಗೆ.

ಆ ಕೋಳಿ ಕೆದರಿದ ಪತ್ರ ಮೊನ್ನೆ ಕೈಸೇರಿತು. ಕೊಡದ ಹಕ್ಕಿ ಇನ್ನೂ ಇದೆ ಎಂದು ಬರೆದಿದ್ದೀ. ಕಳೆದ ತಿಂಗಳು ಎರಡು ಸಂಜೆ ಗೋಡೌನಿನ ಗೋಡೆಯ ಮೇಲೆ ಯಂತ್ರ ಇಟ್ಟು, ಹಿಂದೆಂದೋ ಮುದ್ರಿಸಿಕೊಂಡ ಕೂಗನ್ನು ಕೇಳಿಸಿದೆಯಂತೆ. ಜೊಂಡಿನ ಆಚೆ ಬದಿಯಿಂದ ಖಾಲಿ ಕೊಡದ ಬಾಯಿಗೆ ಊದಿದಂಥ ಉತ್ತರ ಬಂತಂತೆ. ನನ್ನ ಕಿವಿಗೆ ಬಿದ್ದರೆ ಊರಿಗೆಲ್ಲ ಡಂಗುರ ಎಂದು ಹೆದರಿ, ಮನೆಗೂ ಬಾರದೆ ಆ ಕಡೆಯಿಂದಲೇ ಹೊರಟುಹೋದೆಯಂತೆ. ಕಳ್ಳಿ!

ಹಕ್ಕಿ ಇದೆ ಎಂದು ನೀನು ಸರ್ಕಾರಕ್ಕೆ ಕೊಟ್ಟ ವರದಿಯ ಮೇಲೆ ಆ ಜೊಂಡಿಗೆ ಮಣ್ಣು ತುಂಬುವುದನ್ನು ನಿಲ್ಲಿಸಿದ್ದಾರೆ, ಮಂಗಳವಾರ ಸಂಜೆ ಸಮಿತಿಯವರು ತಾವೇ ಕಿವಿಯಾರೆ ಕೇಳಲು ಬರುತ್ತಾರೆ ಎಂದೂ ಬರೆದಿದ್ದೀ. ಸಂತೋಷ.

ಈಗ ನನ್ನ ಪ್ರತಾಪ ಕೇಳು. ಆ ಹಕ್ಕಿಯ ಹಾಗೆ ಕೂಗುವವರು ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಎರಡು ಅಂಗೈ ಬೊಗಸೆ ಮಾಡಿ ಊದಿದೆನೆಂದರೆ ಹೆಣ್ಣುಹಕ್ಕಿ ಗೂಡು ಬಿಟ್ಟು ಬರುತ್ತಿತ್ತು. ನಮ್ಮಪ್ಪನ ಕಾಲಕ್ಕೆ ಇಲ್ಲಿಂದ ಸಮುದ್ರದವರೆಗೂ ಜೌಗು. ಈಗ ಸಿಗಡಿ ಕೊಳ, ಗೋಡೌನು, ಎಲ್ಲಿಂದಲೋ ಬಂದ ನೇರಳೆ ಹೂವಿನ ಕಳೆ. ಉಳಿದಿರುವುದು ಪಂಪ್‌ಮನೆಗೂ ಗೋಡೌನಿಗೂ ನಡುವಿನ ಆ ಒಂದು ಪಟ್ಟಿ. ಹಗಲೆಲ್ಲ ಮೋಟಾರು ಹಾಕಿ ಅದರ ನೀರನ್ನು ಸಮುದ್ರಕ್ಕೆ ಎಸೆಯುವವನು ನಾನೇ, ಸಂಜೆ ಅಲ್ಲೇ ಕೂತು ಹಕ್ಕಿ ಕರೆಯುವವನೂ ನಾನೇ. ಮಗು ಚಿವುಟಿ ತೊಟ್ಟಿಲು ತೂಗೋದು ಅಂದ್ರೆ ಇದೇ ಅಂತ ನಿನ್ನ ಚಿಕ್ಕಮ್ಮ ಅಂತಾಳೆ.

ವರ್ಷಗಟ್ಟಲೆ ಕರೆದೆ. ಉತ್ತರವಿಲ್ಲ. ಕಳೆದ ತಿಂಗಳು ಒಂದು ಸಂಜೆ ಗೋಡೌನಿನ ಕಡೆಯಿಂದ ಉತ್ತರ ಬಂತು. ಮರುದಿನವೂ ಬಂತು. ನಾನು ಮನೆಗೆ ಓಡಿ ಚಿಕ್ಕಮ್ಮನನ್ನು ಎತ್ತಿಕೊಳ್ಳಲು ಹೋಗಿ ಸೊಂಟ ಹಿಡಿಸಿಕೊಂಡೆ. ನಿನಗೆ ಹೇಳಲಿಲ್ಲ. ನೀನು ಬಂದಾಗ ಕೈಹಿಡಿದು ಕರೆದೊಯ್ದು ಕೇಳಿಸಿ, ಮೆರೆಯೋಣ ಎಂದುಕೊಂಡಿದ್ದೆ.

ನೀನು ಓದಿದವಳು. ಇಷ್ಟು ಹೊತ್ತಿಗೆ ಅರ್ಥವಾಗಿರಬೇಕು. ನಿನ್ನ ಯಂತ್ರಕ್ಕೆ ನಾನು ಉತ್ತರ ಕೊಟ್ಟೆ, ನನಗೆ ನಿನ್ನ ಯಂತ್ರ ಉತ್ತರ ಕೊಟ್ಟಿತು. ಜೊಂಡಿನ ಆಚೆ ನೀನು, ಈಚೆ ನಾನು, ಇಬ್ಬರೂ ಕಣ್ಣೊರೆಸಿಕೊಂಡು ಮನೆಗೆ ಹೋದೆವು.

ಸುಮ್ಮನೆ ಅನುಮಾನ ಬೇಡ ಎಂದು ನಿನ್ನೆ ಮತ್ತೆ ಹೋದೆ. ನೀನು ನಗರದಲ್ಲಿದ್ದೆ, ಯಂತ್ರವೂ ನಿನ್ನ ಹತ್ತಿರವೇ ಇತ್ತು. ಚಿಕ್ಕಮ್ಮನೂ ಜೊತೆಗೆ ಬಂದಳು. ಕೂಗಿದೆ. ದೂರದ ರಸ್ತೆಯಲ್ಲಿ ಲಾರಿ ಹೋಯಿತು. ನಾನು ಏಳಲು ಹೋದರೆ ಅವಳು ಪಂಚೆ ಹಿಡಿದು ಕೂರಿಸಿ, ಇನ್ನೊಂದ್ಸಲ ಕೂಗ್ರೀ, ಅದಕ್ಕೆ ಕೇಳಿಸಿರಲ್ಲ ಅಂದಳು. ಪೂರ್ತಿ ಕತ್ತಲಾಗುವವರೆಗೂ ಹಾಗೇ ಅನ್ನುತ್ತಿದ್ದಳು.

ಹಕ್ಕಿ ಇಲ್ಲ, ಮಗಳೇ.

ವರದಿ ಹಿಂದಕ್ಕೆ ತಗೊಂಡರೆ ಮಣ್ಣಿನ ಲಾರಿಗಳು ಬರುತ್ತವೆ. ಜೊಂಡಿನೊಳಗೆ ಇನ್ನೂ ನಮ್ಮ ಕರಿ ಆಮೆ ಇದೆ, ಬೆರಳುದ್ದದ ಪಟ್ಟೆಮೀನು ಇದೆ, ಉಪ್ಪುನೀರಿಗೂ ಜಗ್ಗದ ಹಳೇ ಹುಲ್ಲಿದೆ. ಅವಕ್ಕೆ ಕೂಗಲು ಬರುವುದಿಲ್ಲ. ಅವನ್ನು ಕೇಳಲು ಸಮಿತಿ ಬರುವುದೂ ಇಲ್ಲ. ವರದಿ ಹಿಂದಕ್ಕೆ ತಗೊಳ್ಳದಿದ್ದರೆ ಜೊಂಡು ಒಂದು ವರ್ಷ ಉಳಿದೀತು, ಹೆಚ್ಚೆಂದರೆ ಎರಡು. ಆಮೇಲೂ ಲಾರಿಯೇ. ಏನು ಮಾಡಬೇಕೆಂದು ನನಗೆ ತಿಳಿಯದು. ಇಂಥ ಮಾತನ್ನು ನಾನು ಜನ್ಮದಲ್ಲಿ ಬರೆದವನಲ್ಲ, ಈ ಕಾಗದ ಯಾರಿಗೂ ತೋರಿಸಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ
ಪಂಪ್ ಚಿಕ್ಕಪ್ಪ

ತಾ.ಕ.: ಮಂಗಳವಾರ ಜೊಂಡಿನ ಕಡೆ ತಲೆ ಹಾಕುವುದಿಲ್ಲ ಎಂದು ಚಿಕ್ಕಮ್ಮನಿಗೆ ಮಾತು ಕೊಟ್ಟಿದ್ದೇನೆ. ನಿನಗೆ ಕೊಟ್ಟಿಲ್ಲ. ಬೇಡ ಎಂದು ನೀನು ಬರೆದರೆ ಮೋಟಾರಿನ ಪಕ್ಕ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ. ಏನೂ ಬರೆಯದಿದ್ದರೆ ಅವರು ಬರುವ ಮುಂಚೆಯೇ ಜೊಂಡಿನೊಳಗೆ ಹೋಗಿ, ಅಂಗೈ ಬೊಗಸೆ ಮಾಡಿಕೊಂಡು ಕೂರುತ್ತೇನೆ. ನಿನ್ನ ಯಂತ್ರ ಮಾತ್ರ ಹಾಕಬೇಡ. ಆ ಕಡೆಯಿಂದ ಉತ್ತರ ಬಂದರೆ ನಾನು ಮತ್ತೆ ನಂಬಿಬಿಡುತ್ತೇನೆ.