ಇಳಿಜಾರಿನ ಪ್ರಶ್ನೆ

ಬಸ್ಸೂ ತಪ್ಪಿತು, ಅದು ಸಾಲದು ಅಂತ ಲಾರಿ ಲೈಸೆನ್ಸ್ ಪರೀಕ್ಷೇಲಿ ಒಂದೇ ಮಾರ್ಕಲ್ಲಿ ಫೇಲಾದೆ ಅಪ್ಪಾ! ಇನ್ನೂ ಈ ಪರವೂರಲ್ಲಿ ಮೂಟೆ ಹೊರೋದೇ ಗತಿ.

ಇಳಿಜಾರಲ್ಲಿ ಯಾವ ಗೇರು ಅಂತ ಕಂಪ್ಯೂಟರಲ್ಲಿ ಕೇಳಿದ್ರು. ಕಣ್ಮುಚ್ಕೊಂಡು ನ್ಯೂಟ್ರಲ್ ಅಂತ ಒತ್ತಿದೆ. ಡೀಸೆಲ್ ಉಳಿಯುತ್ತೆ ಅಂತ ನೀನೇ ಹೇಳ್ತಿದ್ಯಲ್ಲ.

ತರಬೇತಿ ಮೇಷ್ಟ್ರು ನಕ್ಕುಬಿಟ್ರು. "ಯಾವ ಮಹಾನುಭಾವ ಕಲಿಸಿದ್ದಯ್ಯಾ? ಭಾರವೆಲ್ಲ ಬ್ರೇಕ್ ಮೇಲೆ ಬಿದ್ದು, ಅದು ಕಾದು, ಆಮೇಲೆ ಹಿಡಿಯೋದೇ ಇಲ್ಲ!"

"ಯಾರೂ ಇಲ್ಲ ಸಾರ್" ಅಂದೆ.

ಘಾಟಿಯಲ್ಲಿ ನಿನ್ನ ಲಾರಿ ಉರುಳಿದ ದಿನದಿಂದ ಓನರ್‌ಗೆ ಶಾಪ ಹಾಕ್ತಿದ್ದೆ, ಹಳೇ ಬ್ರೇಕ್ ಕೊಟ್ಟು ನಿನ್ನ ಕೊಂದ ಅಂತ. ಈಗ ಯಾರನ್ನ ಬೈಲಿ?

ಶನಿವಾರ ಮತ್ತೆ ಪರೀಕ್ಷೆ. ಸರಿ ಉತ್ತರ ಸಣ್ಣ ಗೇರಂತೆ, ಅದನ್ನ ಒತ್ತೋಕೆ ಕೈಯೇ ಬರ್ತಿಲ್ಲ. ಬರಲ್ಲ ಅಂತ ಗೊತ್ತು, ಆದ್ರೂ ಮುಂಚಿನ ಹಾಗೆ ಬೆಳಗ್ಗೆ ಆರಕ್ಕೆ ಫೋನ್ ಮಾಡು, ಕೆಲಸಕ್ಕೆ ಹೋಗೋ ಮುಂಚೆ ಎತ್ತುತ್ತೀನಿ.