ಅಣ್ಣ ಕೈಯೆತ್ತಿದ ದಿನ

ಜೂನ್ ೧೮, ಮಂಗಳವಾರ

ಅಣ್ಣನ ಮುಖ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ಮಗಳಿಗೆ ವಿಶೇಷ ಶಿಕ್ಷಕಿಯ ನೆರವು ಬೇಕೆಂದು ಸರ್ಕಾರಿ ಶಾಲೆಗೆ ಮೂರು ಸಲ ಅರ್ಜಿ ಕೊಟ್ಟ ಮೇಲೆ ಇವತ್ತು ನಮ್ಮನ್ನು ಕರೆದಿದ್ದರು. ಇವರಿಗೆ ರಜೆ ಸಿಗಲಿಲ್ಲ. ಅಣ್ಣನೇ ಹೊಲಿಗೆ ಅಂಗಡಿ ಮುಚ್ಚಿ ನಮ್ಮ ಜೊತೆ ಬಂದ. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಮಡಚಿ ಕೂತೆವು.

"ಇವಳ ಕಣ್ಣಿಗೆ ಅಕ್ಷರಗಳು ಕಲಸಿಹೋಗ್ತವೆ, ಅಷ್ಟೇ. ದಡ್ಡತನ ಅಲ್ಲ," ಎಂದರು ಶಿಕ್ಷಕಿ. "ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ?"

ಇಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಮೆಲ್ಲಗೆ ಕೈಯೆತ್ತಿದ. "ನನಗೆ, ಮೇಡಂ."

ಅವನು ನಪಾಸಾಗಿ ನನ್ನ ತರಗತಿಗೇ ಬಂದು ಕೂತ ವರ್ಷ ನೆನಪಾಯಿತು. ಬೆಳಿಗ್ಗೆ ನನಗೆ ಜಡೆ ಹಾಕುತ್ತಾ, "ಪಾಠ ಗಟ್ಟಿಯಾಗಿ ಓದೇ, ಕೇಳೋಣ" ಎನ್ನುತ್ತಿದ್ದ. ಬರೀ ಮುದ್ದು ಎಂದುಕೊಂಡಿದ್ದೆ. ಕೇಳಿಯೇ ಬಾಯಿಪಾಠ ಮಾಡಿಕೊಳ್ಳುತ್ತಿದ್ದನಂತೆ! ಒಮ್ಮೆ ಮೇಷ್ಟ್ರು ಓದಿಸಿದಾಗ ಪುಟ ತಿರುಗಿಸುವುದನ್ನೇ ಮರೆತು ಮುಂದಿನ ಪುಟವನ್ನೂ ಒಪ್ಪಿಸಿಬಿಟ್ಟ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ನನಗೆ ಜಡೆ ಹಾಕುವುದನ್ನು ಮಾತ್ರ ಬಿಡಲಿಲ್ಲ.

ಸೋಮವಾರದಿಂದ ಮಗಳಿಗೆ ದಿನಕ್ಕೊಂದು ಗಂಟೆ ಪ್ರತ್ಯೇಕ ಪಾಠ ಮಂಜೂರಾಯಿತು. ಬರುವಾಗ ಬಸ್ಸಿನಲ್ಲಿ ಅಣ್ಣ ಅವಳನ್ನು ಕೇಳಿದ, "ಟೀಚರ್ ಕಲಿಸಿದ್ದನ್ನ ಸಂಜೆ ನನಗೂ ಹೇಳಿಕೊಡ್ತೀಯಾ?"

"ಕೊಡ್ತೀನಿ ಮಾಮ. ಆದ್ರೆ ಹೋಂವರ್ಕ್ ತಪ್ಪಿಸೋ ಹಾಗಿಲ್ಲ."

ನಗುತ್ತಾನೆ ಅಂದುಕೊಂಡೆ. ಅವನು ಗಂಭೀರವಾಗಿ ತಲೆಯಾಡಿಸಿದ.

ಕಣ್ಣು ಎಳೆಯುತ್ತಿದೆ. ನಾಳೆ ಅವಳಿಗೆ ನೋಟ್‌ಬುಕ್ ತರಬೇಕು. ಒಂದಲ್ಲ, ಎರಡು…